ಪ್ರಮಾಣಪತ್ರ ಕೊಂಡರೆ ನಮ್ಮ ಹೊಲಿಗೆ ಯಂತ್ರ ಗಾಳಿಯ ಕರೆಂಟಿನಿಂದ ಓಡಿದಂತೆಯೇ?

ಕೌಲ್‌ಬಜಾರ್ ಲೆಕ್ಕಪತ್ರ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಹನ್ನೊಂದು ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಹೊಲಿಗೆ, ಕಾಜಾ, ಗುಂಡಿ, ಇಸ್ತ್ರಿ ಎಲ್ಲ ಸೇರಿ ತಿಂಗಳಿಗೆ ಸರಾಸರಿ 18,000 ಯೂನಿಟ್ ಕರೆಂಟ್ ಬೇಕಾಗುತ್ತದೆ. ನಮ್ಮ ಮಾಲನ್ನು ಹೊರದೇಶಕ್ಕೆ ಕಳುಹಿಸುವ ರಫ್ತುದಾರರಿಂದ ಈ ಸಲ ಮೊದಲ ಬಾರಿಗೆ ಒಂದು ನಮೂನೆ ಬಂದಿದೆ. "ನೀವು ಬಳಸುವ ವಿದ್ಯುತ್ತಿನಲ್ಲಿ ನವೀಕರಿಸಬಹುದಾದ ಮೂಲದ್ದು ಶೇಕಡಾ ಎಷ್ಟು? ದಾಖಲೆ ಲಗತ್ತಿಸಿ" ಎಂಬುದು ಅದರ ಒಂಬತ್ತನೆಯ ಪ್ರಶ್ನೆ.

ಇದು ಹೇಗೋ ಗೊತ್ತಾಗಿ ಹೋದ ವಾರ ಒಬ್ಬ ಮಧ್ಯವರ್ತಿ ಬಂದರು. 216 ಪ್ರಮಾಣಪತ್ರ ಕೊಂಡರೆ ಇಡೀ ವರ್ಷಕ್ಕೆ ನಿಮ್ಮದು ಶೇಕಡಾ 100 ಹಸಿರು ವಿದ್ಯುತ್ ಎಂದರು. ಮಾದರಿಯೆಂದು ತೋರಿಸಿದ ಹಾಳೆಯಲ್ಲಿ ಗಾಳಿಯಂತ್ರದ ಚಿತ್ರವಿತ್ತು, ಚಿನ್ನದ ಬಣ್ಣದ ಮುದ್ರೆಯಿತ್ತು, ಒಟ್ಟು ಯೂನಿಟ್ ಇತ್ತು. ಕ್ರಮಸಂಖ್ಯೆ ಇರಲಿಲ್ಲ. ಯಾವ ಊರಿನ, ಯಾವ ತಿಂಗಳಿನ ವಿದ್ಯುತ್ ಎಂಬುದೂ ಇರಲಿಲ್ಲ. ಕೇಳಿದ್ದಕ್ಕೆ "ಅದೆಲ್ಲ ಆಮೇಲೆ ಬರುತ್ತದೆ ಮೇಡಂ" ಎಂದರು.

ನಮ್ಮ ಗೋಡೆಯ ಮೇಲಿರುವುದು ಜೆಸ್ಕಾಂ ಮೀಟರ್. ಆರ್.ಆರ್. ನಂಬರ್ ಹಳೆಯದೇ, ಕಂಬವೂ ಹಳೆಯದೇ. ಕಾಗದ ಕೊಂಡ ಮಾತ್ರಕ್ಕೆ ಅದೇ ತಂತಿಯಲ್ಲಿ ಬರುವ ಕರೆಂಟ್ ಬೇರೆಯದಾಗುವುದು ಹೇಗೆ? ಮಾಲೀಕರು "ಎಲ್ಲರೂ ಕೊಳ್ಳುತ್ತಾರಂತೆ, ನೀನೂ ತುಂಬಿ ಕಳಿಸಮ್ಮಾ" ಎನ್ನುತ್ತಿದ್ದಾರೆ. ಆದರೆ ನಮೂನೆಯ ಕೆಳಗೆ ಬೀಳುವುದು ನನ್ನ ಸಹಿ. ಅರ್ಥವಾಗದ ಮಾತಿಗೆ ಸಹಿ ಹಾಕಲು ನನಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಮುನಿರಾಬಾದ್ ನಿವೃತ್ತ ಎಂಜಿನಿಯರ್, ಕೊಪ್ಪಳ ಜಿಲ್ಲೆ

ತಂಗೀ, ಸಹಿ ಹಾಕುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಮೂವತ್ತು ವರ್ಷ ಸಬ್‌ಸ್ಟೇಷನ್‌ಗಳಲ್ಲಿ ದುಡಿದವನು ನಾನು; ಕೊಂಚ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮೂರಿನ ಅಣೆಕಟ್ಟನ್ನೇ ನೋಡಿ. ತುಂಗೆಯ ನೀರೂ ಭದ್ರೆಯ ನೀರೂ ಜಲಾಶಯದಲ್ಲಿ ಒಂದಾಗಿ ನಿಂತಿರುತ್ತವೆ. ಎಡದಂಡೆ ಕಾಲುವೆಯಲ್ಲಿ ಸಿಂಧನೂರಿಗೆ ಹೋದ ಚೊಂಬು ನೀರು ಯಾವ ನದಿಯದ್ದೆಂದು ಯಾರೂ ಹೇಳಲಾರರು. ಆದರೂ ಲೆಕ್ಕ ನಿಲ್ಲುವುದಿಲ್ಲ: ಒಳಗೆ ಎಷ್ಟು ಬಂತು, ಯಾವ ತೂಬಿನಿಂದ ಎಷ್ಟು ಹೋಯಿತು ಎಂದು ಬಾಗಿಲಲ್ಲೇ ಅಳೆದು ಬರೆದಿಡುತ್ತಾರೆ. ವಿದ್ಯುತ್ ಜಾಲವೂ ಹಾಗೆಯೇ. ಕುಡತಿನಿಯ ಕಲ್ಲಿದ್ದಲಿನದ್ದು, ಯಲಬುರ್ಗಾದ ಗಾಳಿಯದ್ದು, ಪಾವಗಡದ ಬಿಸಿಲಿನದ್ದು ತಂತಿಗೆ ಬಿದ್ದ ಕ್ಷಣದಲ್ಲಿ ಒಂದೇ ಆಗುತ್ತವೆ. ನಿಮ್ಮ ಕರೆಂಟ್ ಕಾಗದದಿಂದ ಬದಲಾಗುವುದಿಲ್ಲ. ನಿಮ್ಮ ಸಂಶಯ ಪೂರ್ತಿ ಸರಿ.

ಬದಲಾಗುವುದು ಲೆಕ್ಕದ ಪುಸ್ತಕ. ಗಾಳಿಯಂತ್ರದ ಮೀಟರ್ 1,000 ಯೂನಿಟ್, ಅಂದರೆ ಒಂದು ಮೆಗಾವ್ಯಾಟ್-ಗಂಟೆ ತೋರಿಸಿದಾಗ ಎರಡು ಸರಕು ಹುಟ್ಟಿದವೆಂದು ಕಾನೂನು ಎಣಿಸುತ್ತದೆ. ಮೊದಲನೆಯದು ವಿದ್ಯುತ್. ಎರಡನೆಯದು "ಇದು ಗಾಳಿಯಿಂದ ಹುಟ್ಟಿತು" ಎಂದು ಹೇಳಿಕೊಳ್ಳುವ ಹಕ್ಕು. ಆ ಹಕ್ಕಿಗೆ ಕೊಡುವ ಚೀಟಿಯೇ ನವೀಕರಿಸಬಹುದಾದ ಇಂಧನ ಪ್ರಮಾಣಪತ್ರ, ಅಂದರೆ ಆರ್‌ಇಸಿ. ನಿಮ್ಮ ವರ್ಷದ ಬಳಕೆ 2,16,000 ಯೂನಿಟ್ ಆದ್ದರಿಂದ ಆ ಮನುಷ್ಯ 216 ಎಂದದ್ದು. ಗಣಿತ ಸರಿಯಾಗಿದೆ.

ಇದು ಬಂದದ್ದು ಒಂದು ನಿಜವಾದ ತೊಡಕಿನಿಂದ. 2003ರ ವಿದ್ಯುತ್ ಕಾಯ್ದೆಯ 86(1)(ಇ) ಕಲಮಿನ ಪ್ರಕಾರ ವಿತರಣಾ ಕಂಪನಿಗಳು ಇಂತಿಷ್ಟು ಪಾಲು ನವೀಕರಿಸಬಹುದಾದ ವಿದ್ಯುತ್ ಕೊಳ್ಳಬೇಕು. ಕರ್ನಾಟಕ, ತಮಿಳುನಾಡಿನಲ್ಲಿ ಗಾಳಿಯಿದೆ, ದೆಹಲಿಯಲ್ಲಿ ಎಲ್ಲಿಂದ ತರಬೇಕು? ಅದಕ್ಕೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2010ರಲ್ಲಿ ನಿಯಮ ಮಾಡಿತು. 2011ರಲ್ಲಿ ವಹಿವಾಟು ಶುರುವಾಯಿತು. ಉತ್ಪಾದಕರು ಮೊದಲು ರಾಜ್ಯದ ಸಂಸ್ಥೆಯಿಂದ ಮಾನ್ಯತೆ ಪಡೆಯಬೇಕು, ದೇಶದ ವಿದ್ಯುತ್ ಜಾಲದ ಹರಿವನ್ನು ನೋಡಿಕೊಳ್ಳುವ ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ನೋಂದಾಯಿಸಬೇಕು. ಮೀಟರ್ ಲೆಕ್ಕವನ್ನು ಪರಿಶೀಲಿಸಿದ ಮೇಲೆ ಆ ಕೇಂದ್ರ ಪ್ರಮಾಣಪತ್ರ ಕೊಡುತ್ತದೆ. ಮಾರಾಟ ಐಇಎಕ್ಸ್, ಪಿಎಕ್ಸ್‌ಐಎಲ್, ಎಚ್‌ಪಿಎಕ್ಸ್ ಎಂಬ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ನಡೆಯುತ್ತದೆ. 2022ರ ಹೊಸ ನಿಯಮಗಳ ನಂತರ ಪರವಾನಗಿ ಪಡೆದ ವಿದ್ಯುತ್ ವ್ಯಾಪಾರಿಗಳ ಮೂಲಕವೂ ಕೊಳ್ಳಬಹುದು. ಕಾನೂನಿನ ಬಾಧ್ಯತೆ ಇಲ್ಲದ ನಿಮ್ಮಂಥವರು ಸ್ವಇಚ್ಛೆಯಿಂದ ಕೊಳ್ಳುವುದಕ್ಕೂ ಅಡ್ಡಿಯಿಲ್ಲ.

ಇದಲ್ಲದೆ ಐ-ಆರ್‌ಇಸಿ ಎಂಬ ಅಂತರರಾಷ್ಟ್ರೀಯ ಚೀಟಿಯೊಂದಿದೆ. ಹೊರದೇಶದ ಬ್ರ್ಯಾಂಡ್‌ಗಳು ಸಾಮಾನ್ಯವಾಗಿ ಕೇಳುವುದು ಅದನ್ನು. ಎರಡರಲ್ಲಿ ಯಾವುದು ಬೇಕೆಂದು ನಿಮ್ಮ ರಫ್ತುದಾರರನ್ನೇ ಬರಹದಲ್ಲಿ ಕೇಳಿ.

ಕ್ರಮಸಂಖ್ಯೆ ಇಲ್ಲದ ಹಾಳೆಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಜವಾದ ಪ್ರಮಾಣಪತ್ರ ನೋಂದಣಿ ಪುಸ್ತಕದಲ್ಲಿ ಇರುತ್ತದೆ. ಗೋಡೆಗೆ ತೂಗುಹಾಕುವ ಹಾಳೆ ಅದರ ನಕಲು ಅಷ್ಟೇ.

ಯಲಬುರ್ಗಾ ಎರೆಹೊಲ, ಕೊಪ್ಪಳ ಜಿಲ್ಲೆ

ಸಾಹೇಬರೇ, ಓದುತ್ತಾ ಬಂದು "ಹೇಳಿಕೊಳ್ಳುವ ಹಕ್ಕು" ಎಂಬಲ್ಲಿ ನಿಂತುಬಿಟ್ಟೆ. ನಮ್ಮ ಹೊಲದ ಬದುವಿನಿಂದ ನೋಡಿದರೆ ಹದಿನಾಲ್ಕು ಫ್ಯಾನ್ ಕಾಣುತ್ತವೆ. ಕಡಲೆ ಬಿತ್ತುವ ಎರೆ ಭೂಮಿಯಲ್ಲಿ ಅವುಗಳಿಗಾಗಿ ರಸ್ತೆ ಆಯಿತು. ಮಳೆನೀರು ಹರಿಯುವ ದಿಕ್ಕು ಬದಲಾಗಿ ನಮ್ಮ ಒಂದು ಒಡ್ಡು ಒಡೆದು ಹೋಯಿತು. ಅದನ್ನು ಕಟ್ಟಿಸಿಕೊಡುತ್ತೇವೆಂದ ಕಂಪನಿಯವರು ಎರಡು ಮಳೆಗಾಲ ಕಳೆದರೂ ಬಂದಿಲ್ಲ. ರಾತ್ರಿ ರೆಕ್ಕೆಗಳ ಸದ್ದು ಮನೆಯೊಳಗೆ ಕೇಳುತ್ತದೆ. ಇಷ್ಟಾದರೂ ನಮ್ಮ ಊರಿನ ಗಾಳಿ ಯಾರದೋ ಮನೆಯ ದೀಪ ಹೊತ್ತಿಸುತ್ತದೆ ಎಂಬ ಹೆಮ್ಮೆ ನನಗಿದೆ. ಹುಡುಗರಿಗೂ ಹಾಗೆಯೇ ಹೇಳಿದ್ದೇನೆ.

ನಮ್ಮ ಪಂಚಾಯಿತಿಯವರು ಊರ ಕಮಾನಿನ ಮೇಲೆ "ಗಾಳಿ ವಿದ್ಯುತ್ ಬಳಸುವ ಹಸಿರು ಗ್ರಾಮ" ಎಂದು ಬರೆಸಬೇಕೆಂದಿದ್ದಾರೆ. ಆ ಚೀಟಿ ಮುಂಬೈಯವರು ಯಾರೋ ಕೊಂಡಿದ್ದರೆ ನಾವು ಹೀಗೆ ಬರೆಸಬಹುದೇ? ಫ್ಯಾನ್ ನಮ್ಮ ಹೊಲದಲ್ಲಿ, ಹಕ್ಕು ಬೇರೆಯವರದ್ದು ಎಂದಾಯಿತಲ್ಲ.

ಮುನಿರಾಬಾದ್ ನಿವೃತ್ತ ಎಂಜಿನಿಯರ್

ಯಜಮಾನರೇ, ಹೇಳಲು ನನಗೆ ಸಂಕಟವಾಗುತ್ತದೆ. ಲೆಕ್ಕದ ಪ್ರಕಾರ ಹಾಗೆ ಬರೆಸಲಾಗದು.

ನಿಮ್ಮ ಬದುವಿನ ಯಂತ್ರಗಳ ವಿದ್ಯುತ್ತನ್ನು ಎಸ್ಕಾಂ, ಅಂದರೆ ಜೆಸ್ಕಾಂನಂಥ ವಿತರಣಾ ಕಂಪನಿ, ಒಂದು ದೀರ್ಘಾವಧಿ ಒಪ್ಪಂದದಲ್ಲಿ ಕೊಂಡಿದ್ದರೆ ಅದು ಆ ಎಸ್ಕಾಂನ ಬಾಧ್ಯತೆಯ ಲೆಕ್ಕಕ್ಕೆ ಸೇರಿರುತ್ತದೆ. ಅಂಥ ವಿದ್ಯುತ್ತಿಗೆ ಪ್ರತ್ಯೇಕ ಆರ್‌ಇಸಿ ಸಿಗುವುದಿಲ್ಲ. ಒಂದೇ ಯೂನಿಟ್‌ಗೆ ಎರಡು ಸಲ ಹೆಸರು ಪಡೆಯಬಾರದು. ಯಾವುದೋ ಕಾರ್ಖಾನೆ ಸ್ವಂತಕ್ಕೆಂದು ಕಟ್ಟಿಸಿದ್ದರೆ ಹಕ್ಕು ಆ ಕಾರ್ಖಾನೆಯದ್ದು. ಯಾವ ದಾರಿಯಲ್ಲಿ ಹೋದರೂ ಊರಿನ ಪಾಲಿಗೆ ಉಳಿಯುವುದಿಲ್ಲ.

ನಾರ್ವೆ ದೇಶದಲ್ಲಿ ಇದು ದೊಡ್ಡ ಮಟ್ಟದಲ್ಲಿ ಆಗಿದೆ. ಅಲ್ಲಿ ಹುಟ್ಟುವ ವಿದ್ಯುತ್ ಬಹುಪಾಲು ಜಲಪಾತ, ಜಲಾಶಯಗಳದ್ದು. ಯುರೋಪಿನಲ್ಲಿ ಈ ಚೀಟಿಗೆ "ಮೂಲದ ಖಾತರಿ" ಎನ್ನುತ್ತಾರೆ. ನಾರ್ವೆಯ ಕಂಪನಿಗಳು ಆ ಖಾತರಿಗಳ ಬಹುಪಾಲನ್ನು ಹೊರಗಿನವರಿಗೆ ಮಾರುತ್ತವೆ. ಹಾಗಾಗಿ ಖಾತರಿ ಕೊಳ್ಳದ ನಾರ್ವೆಯ ಮನೆಯವರ ಪಾಲಿಗೆ ಅಧಿಕೃತ ಲೆಕ್ಕದಲ್ಲಿ ಬರುವುದು ಹೆಚ್ಚಾಗಿ ಕಲ್ಲಿದ್ದಲು, ಅನಿಲ ಮತ್ತು ಅಣುವಿದ್ಯುತ್. ಮನೆಯ ಹಿಂದೆಯೇ ಜಲಪಾತ ಭೋರ್ಗರೆಯುತ್ತಿದ್ದರೂ ಅಷ್ಟೇ.

ಯಲಬುರ್ಗಾ ಎರೆಹೊಲ

ಬೀಜದ ಚೀಲದ ನೀಲಿ ಚೀಟಿಯಂತೆ ಎಂದು ತಿಳಿದುಕೊಂಡೆ. ಪ್ರಮಾಣಿತ ಬೀಜದ ಚೀಲಕ್ಕೆ ಹೊಲಿದ ಚೀಟಿಯನ್ನು ಕಿತ್ತು ಇನ್ನೊಂದು ಚೀಲಕ್ಕೆ ಹೊಲಿದರೆ ಮೊದಲನೆಯ ಚೀಲವನ್ನು ಪ್ರಮಾಣಿತ ಎಂದು ಮಾರುವಂತಿಲ್ಲ, ಕಾಳು ಅದೇ ಆಗಿದ್ದರೂ. ಅರ್ಥವೇನೋ ಆಯಿತು. ಆದರೆ ಬೀಜದಲ್ಲಿ ಹೀಗೆ ಮಾಡಿದರೆ ಕೇಸು ಹಾಕುತ್ತಾರೆ, ಇಲ್ಲಿ ಅದೇ ವ್ಯಾಪಾರವಾಗಿದೆ. ಇದು ನನಗೆ ಒಪ್ಪಿಗೆಯಾಗುತ್ತಿಲ್ಲ ಸಾಹೇಬರೇ.

ಕುಷ್ಟಗಿ ಗಾಳಿ ಕೆಲಸ

ಅಣ್ಣ, ನಿಮ್ಮ ಬೇಸರ ನ್ಯಾಯವಾದದ್ದೇ. ಚೀಟಿ ಮಾರುವವರ ಕಡೆಯ ಮಾತನ್ನೂ ಒಂದಿಷ್ಟು ಕೇಳಿ. ಗೋಪುರ ಹತ್ತಿ ಗೇರ್‌ಬಾಕ್ಸ್ ನೋಡುವ ತಂತ್ರಜ್ಞ ನಾನು. ನಾನು ಕೆಲಸಕ್ಕೆ ಸೇರಿದ ಚಿಕ್ಕ ಕಂಪನಿ ಆರ್‌ಇಸಿಯನ್ನೇ ನಂಬಿ ಸಾಲ ಮಾಡಿ ಯಂತ್ರ ನಿಲ್ಲಿಸಿತ್ತು. ಆಗಿನ ಕ್ರಮದಲ್ಲಿ ವಿದ್ಯುತ್ತನ್ನು ಎಸ್ಕಾಂನ ಸರಾಸರಿ ಖರೀದಿ ದರಕ್ಕೆ ಕೊಡಬೇಕು, ಮೇಲಿನ ಆದಾಯ ಚೀಟಿಯಿಂದ. ಶುರುವಿನಲ್ಲಿ ಆಯೋಗ ತಳಬೆಲೆ ಕಟ್ಟಿತ್ತು: ಸೌರಕ್ಕೆ 12,000 ರೂಪಾಯಿ, ಗಾಳಿ ಮೊದಲಾದವಕ್ಕೆ 1,500. ಒಂದು ಯೂನಿಟ್‌ಗೆ ಒಂದೂವರೆ ರೂಪಾಯಿ ಹೆಚ್ಚು ಸಿಗುತ್ತದೆ ಎಂದರೆ ಬ್ಯಾಂಕಿನವರೂ ಒಪ್ಪುತ್ತಿದ್ದರು.

ಕೊಳ್ಳುವವರೇ ಬರಲಿಲ್ಲ. ಬಾಧ್ಯತೆ ಇದ್ದ ಎಷ್ಟೋ ವಿತರಣಾ ಕಂಪನಿಗಳು ಕೊಳ್ಳದಿದ್ದರೂ ಯಾರೂ ದಂಡ ಹಾಕಲಿಲ್ಲ. ಚೀಟಿಗಳು ರಾಶಿ ಬಿದ್ದವು. 2017ರಲ್ಲಿ ತಳಬೆಲೆ 1,000ಕ್ಕೆ ಇಳಿಯಿತು. 2020ರಲ್ಲಿ ತಳಬೆಲೆಯನ್ನೇ ತೆಗೆಯಲು ಹೊರಟಾಗ ವಿಷಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಿ ಆ ಜುಲೈಯಿಂದ ಮರುವರ್ಷ ನವೆಂಬರ್‌ವರೆಗೆ ವಹಿವಾಟೇ ನಿಂತಿತು. ಹದಿನಾರು ತಿಂಗಳು! ಆ ಕಾಲದಲ್ಲಿ ನಮಗೆ ಸಂಬಳ ತಡವಾಯಿತು, ಬಿಡಿಭಾಗಕ್ಕೆ ದುಡ್ಡಿಲ್ಲದೆ ಎರಡು ಯಂತ್ರ ಗಾಳಿಯಿರುವ ಆಷಾಢದಲ್ಲೇ ನಿಂತಿದ್ದವು. ಗಾಳಿ ಬೀಸುತ್ತಿರುವಾಗ ನಿಂತ ಯಂತ್ರವನ್ನು ನೋಡುವುದು ನನ್ನಂಥವನಿಗೆ ಬಹಳ ಕಷ್ಟ.

2022ರ ಡಿಸೆಂಬರ್‌ನಿಂದ ಜಾರಿಯಾದ ನಿಯಮದಲ್ಲಿ ತಳಬೆಲೆಯೂ ಇಲ್ಲ, ಗರಿಷ್ಠ ಬೆಲೆಯೂ ಇಲ್ಲ. ಚೀಟಿ ಮಾರಾಟವಾಗುವವರೆಗೆ ಊರ್ಜಿತವಾಗಿರುತ್ತದೆ. ಬೆಲೆ ಹಳೆಯ ತಳಬೆಲೆಗಿಂತ ಬಹಳ ಕೆಳಗೆ ಹೋಯಿತು. ಆದರೂ ಈ ಪದ್ಧತಿಯನ್ನು ಕಿತ್ತೊಗೆಯಿರಿ ಎನ್ನುವವರ ಜೊತೆ ನಾನಿಲ್ಲ. ಕೊಳ್ಳುವ ಬಾಧ್ಯತೆಯನ್ನು ಕಟ್ಟುನಿಟ್ಟು ಮಾಡಿದ್ದರೆ ಆ ಎರಡು ಯಂತ್ರ ನಿಲ್ಲುತ್ತಿರಲಿಲ್ಲ.

ಶಕ್ತಿನಗರ ಕಾಲೋನಿ, ರಾಯಚೂರು

ನನ್ನ ತಂದೆ ಇಲ್ಲಿನ ಆರ್‌ಟಿಪಿಎಸ್ ಎಂಬ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ದುಡಿದು ನಿವೃತ್ತರಾದರು. 1985ರಲ್ಲಿ ಮೊದಲ ಘಟಕ ಶುರುವಾದ ಸ್ಥಾವರ ಈಗ ಎಂಟು ಘಟಕ, 1,720 ಮೆಗಾವ್ಯಾಟ್. ನಮ್ಮ ಅನ್ನ ಅದರಿಂದ ಬಂತು, ಅದನ್ನು ಮರೆಯುವುದಿಲ್ಲ. ಬಿಳಿ ಬಟ್ಟೆಯನ್ನು ಮಹಡಿಯ ಮೇಲೆ ಒಣಹಾಕಿದರೆ ಸಂಜೆಗೆ ಬೂದು ಬಣ್ಣಕ್ಕೆ ತಿರುಗಿರುತ್ತಿದ್ದುದನ್ನೂ ಮರೆಯಲಾರೆ. ಅಮ್ಮ ಹಪ್ಪಳವನ್ನು ಮನೆಯೊಳಗೆ ಫ್ಯಾನಿನ ಕೆಳಗೆ ಒಣಗಿಸುತ್ತಿದ್ದರು.

ಆದ್ದರಿಂದ ನನ್ನ ಪ್ರಶ್ನೆ ಒಂದೇ. ಬಳ್ಳಾರಿಯ ಅಕ್ಕ 216 ಚೀಟಿ ಕೊಂಡರೆ ಶಕ್ತಿನಗರಕ್ಕೆ ಬರುವ ಕಲ್ಲಿದ್ದಲಿನ ಒಂದಾದರೂ ವ್ಯಾಗನ್ ಕಡಿಮೆಯಾಗುತ್ತದೆಯೇ? ಮಳೆಗಾಲದಲ್ಲಿ ಗಾಳಿ ಮತ್ತು ಜಲವಿದ್ಯುತ್ ಹೆಚ್ಚಾದಾಗ ಇಲ್ಲಿನ ಘಟಕಗಳನ್ನು ನಿಲ್ಲಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದು ಯಂತ್ರ ತಿರುಗಿದ್ದರಿಂದ ಆಗುವುದು. ಆಗಲೇ ತಿರುಗುತ್ತಿರುವ ಯಂತ್ರದ ಚೀಟಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೆ ನಮ್ಮ ಆಕಾಶಕ್ಕೆ ಏನು ಸಿಕ್ಕಿತು?

ಮುನಿರಾಬಾದ್ ನಿವೃತ್ತ ಎಂಜಿನಿಯರ್

ಮಗಳೇ, ಈ ವಿಷಯದ ತಿರುಳಿಗೇ ಕೈ ಹಾಕಿದ್ದೀಯ.

ನಾನು ದಿನವೂ ನಡೆದು ಹೋಗುವ ದಾರಿಯಲ್ಲಿ ಮುನಿರಾಬಾದ್ ವಿದ್ಯುದಾಗಾರವಿದೆ, 28 ಮೆಗಾವ್ಯಾಟ್. 25 ಮೆಗಾವ್ಯಾಟ್ ದಾಟಿದ ಜಲವಿದ್ಯುತ್ತನ್ನು ಕೇಂದ್ರ ಸರ್ಕಾರ ನವೀಕರಿಸಬಹುದಾದ ಇಂಧನವೆಂದು ಒಪ್ಪಿದ್ದು 2019ರ ಮಾರ್ಚ್‌ನಲ್ಲಿ. ಅದಕ್ಕೆ ಮುಂಚೆ ಅಲ್ಲಿ ತಿರುಗುತ್ತಿದ್ದುದು ಇದೇ ನೀರು. ಸರ್ಕಾರದ ಒಂದು ಆದೇಶದಿಂದ ಹೊಳೆಯಲ್ಲಿ ಒಂದು ಹನಿಯೂ ಹೆಚ್ಚಾಗಲಿಲ್ಲ. ಇಂಥ ಹಳೆಯ ಸ್ಥಾವರದ ಹೆಸರಿನಲ್ಲಿ ಯಾರಾದರೂ ಚೀಟಿ ಕೊಂಡರೆ ಹೊಸದಾಗಿ ಏನೂ ಹುಟ್ಟುವುದಿಲ್ಲ ಎಂಬ ನಿನ್ನ ಮಾತು ನಿಜ.

ಹೊಸ ಯಂತ್ರ ಹುಟ್ಟುವುದು ಎರಡು ಕಡೆಯಿಂದ. ಒಂದು, ಯಾರಾದರೂ ಹತ್ತು ಹದಿನೈದು ವರ್ಷ ಕೊಳ್ಳುತ್ತೇನೆಂದು ಮೊದಲೇ ಒಪ್ಪಂದ ಮಾಡಿಕೊಂಡಾಗ. ಆ ಕಾಗದ ಹಿಡಿದು ಬ್ಯಾಂಕಿಗೆ ಹೋಗಬಹುದು. ಇನ್ನೊಂದು, ಬಾಧ್ಯತೆ ವರ್ಷದಿಂದ ವರ್ಷಕ್ಕೆ ಏರಿದಾಗ. 2023ರ ಅಕ್ಟೋಬರ್‌ನಲ್ಲಿ ಇಂಧನ ಸಂರಕ್ಷಣಾ ಕಾಯ್ದೆಯಡಿ ಹೊರಟ ಅಧಿಸೂಚನೆ ಈ ಪಾಲನ್ನು 2024–25ಕ್ಕೆ ಶೇಕಡಾ 29.91 ಎಂದು ಗೊತ್ತುಮಾಡಿ 2029–30ಕ್ಕೆ 43.33ಕ್ಕೆ ಒಯ್ದಿದೆ. ಪಾಲಿಸದವರಿಗೆ ದಂಡ ಹಾಕಲು ಆ ಕಾಯ್ದೆಯಲ್ಲಿ ದಾರಿಯಿದೆ. ಕುಷ್ಟಗಿಯ ತಮ್ಮ ಹೇಳಿದ ಕಾಲಕ್ಕೂ ಈಗಿನದಕ್ಕೂ ಇದೇ ವ್ಯತ್ಯಾಸ. ದಂಡ ನಿಜವಾಗಿಯೂ ಬಿದ್ದರೆ ಚೀಟಿಗೆ ಬೆಲೆ ಬರುತ್ತದೆ, ಬೆಲೆ ಬಂದರೆ ಹೊಸ ಯಂತ್ರ ಬರುತ್ತದೆ.

ಮಾನ್ವಿ ಕಾಲುವೆ ಕೊನೆ

ಕಾಲುವೆಯ ಹೋಲಿಕೆ ಕೊಟ್ಟಿದ್ದಕ್ಕೆ ನಾನೂ ಬಾಯಿ ತೆರೆಯಬೇಕಾಯಿತು. ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತ ನಾನು. ಪ್ರತಿ ವರ್ಷ ನೀರಾವರಿ ಸಲಹಾ ಸಮಿತಿ ಸಭೆಯಾಗುತ್ತದೆ, ಇಷ್ಟು ಟಿಎಂಸಿ ಬಿಡುತ್ತೇವೆ ಎಂದು ಲೆಕ್ಕ ಬರುತ್ತದೆ. ವರ್ಷದ ಕೊನೆಗೆ ಕೂಡಿಸಿ ನೋಡಿದರೆ ಲೆಕ್ಕ ಸರಿಯಾಗಿಯೂ ಇರಬಹುದು. ಆದರೆ ನನ್ನ ಭತ್ತ ತೆನೆ ಒಡೆಯುವ ವಾರ ಹೊಲಗಾಲುವೆ ಬಿರಿದಿರುತ್ತದೆ. ಕೊಯ್ಲಿನ ಹೊತ್ತಿಗೆ ಬೇಡವೆಂದರೂ ನೀರು. ವರ್ಷದ ಸರಾಸರಿ ನನ್ನ ಪೈರನ್ನು ಬದುಕಿಸಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಕಣ್ಣೆದುರೇ ಹೊಳೆಗೆ ಹರಿದ ನೀರನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಚೀಟಿಯೂ ಹಾಗೆಯೇ ಎಂದು ನನ್ನ ಅನುಮಾನ. ಗಾಳಿ ಬೀಸುವುದು ಜೂನ್‌ನಿಂದ ಸೆಪ್ಟೆಂಬರ್. ಆಗಿನ ಚೀಟಿ ಇಟ್ಟುಕೊಂಡು ಜನವರಿ ರಾತ್ರಿ ಎಂಟು ಗಂಟೆಗೆ ಓಡಿದ ಹೊಲಿಗೆ ಯಂತ್ರ ಗಾಳಿಯದ್ದು ಎನ್ನಬಹುದೇ? ಅದೇ ಹೊತ್ತಿಗೆ ಯರಮರಸ್‌ನಲ್ಲಿ ಕಲ್ಲಿದ್ದಲು ಉರಿಯುತ್ತಿರುತ್ತದೆ.

ಕೌಲ್‌ಬಜಾರ್ ಲೆಕ್ಕಪತ್ರ

ಅಣ್ಣ, ಇದನ್ನು ಓದಿ ನಮ್ಮ ಮೀಟರ್ ರೀಡಿಂಗ್ ಪುಸ್ತಕ ತೆಗೆದು ನೋಡಿದೆ. ನಮಗೆ ಅತಿ ಹೆಚ್ಚು ಕೆಲಸ ಇರುವುದು ದಸರೆಗೆ ಮುಂಚೆ, ಆಮೇಲೆ ಡಿಸೆಂಬರ್‌ನಿಂದ ಮಾರ್ಚ್. ಎರಡನೆಯ ಪಾಳಿ ರಾತ್ರಿ ಹತ್ತರವರೆಗೆ. ನೀವು ಹೇಳಿದ ಜನವರಿ ರಾತ್ರಿಯ ಉದಾಹರಣೆ ನಮ್ಮ ಘಟಕಕ್ಕೇ ಹೊಂದುತ್ತದೆ. ಮಧ್ಯವರ್ತಿ ಹೇಳಿದ "ಶೇಕಡಾ 100" ಎಂಬ ಮಾತು ನನ್ನ ಬಾಯಿಂದ ಬರಲಾರದು ಎಂದು ಈಗ ಖಚಿತವಾಯಿತು.

ಮುನಿರಾಬಾದ್ ನಿವೃತ್ತ ಎಂಜಿನಿಯರ್

ಮಾನ್ವಿಯವರೇ, ಇದೇ ತಕರಾರು ಹೊರದೇಶಗಳಲ್ಲೂ ಎದ್ದು, ಗಂಟೆ ಗಂಟೆಗೆ ಹೊಂದಿಸುವ ಪ್ರಮಾಣಪತ್ರಗಳ ಪ್ರಯತ್ನ ನಡೆದಿದೆ. "ಎನರ್ಜಿಟ್ಯಾಗ್" ಎಂಬ ಸಂಸ್ಥೆ ಅದಕ್ಕೆ ಮಾನದಂಡ ಬರೆದಿದೆ. ನಮ್ಮಲ್ಲಿ ಅದು ಆಗದ ಕೆಲಸವೇನಲ್ಲ. ನಮ್ಮ ಜಾಲದ ಲೆಕ್ಕ ಈಗಾಗಲೇ ಹದಿನೈದು ನಿಮಿಷದ ತುಂಡುಗಳಲ್ಲಿ ನಡೆಯುತ್ತದೆ, ದಿನಕ್ಕೆ 96 ತುಂಡು. ದೊಡ್ಡ ಗಾಳಿಯಂತ್ರಗಳ ಮೀಟರ್ ಪ್ರತಿ ತುಂಡಿಗೂ ಎಷ್ಟು ಬಂತೆಂದು ಬರೆದಿಟ್ಟುಕೊಂಡೇ ಇರುತ್ತದೆ. ಅಂಥ ಸೂಕ್ಷ್ಮ ಲೆಕ್ಕ ಕೈಯಲ್ಲಿದ್ದೂ ಚೀಟಿಯಲ್ಲಿ ಅದನ್ನು ಅಳಿಸಿ 1,000 ಯೂನಿಟ್‌ನ ಮುದ್ದೆ ಮಾಡಿ ಕೊಡುತ್ತೇವೆ. ನನ್ನ ಸೇವಾ ಜೀವನವೆಲ್ಲ ಆ ಮೀಟರ್‌ಗಳ ಜೊತೆ ಕಳೆದದ್ದರಿಂದ ಇದು ನನಗೆ ನೋವಿನ ಸಂಗತಿ.

ಗಂಗಾವತಿ ಅಕ್ಕಿ ಗಿರಣಿ

ನಮ್ಮ ಗಿರಣಿಯ ಛಾವಣಿಯ ಮೇಲೆ ಸೌರ ಫಲಕ ಹಾಕಿಸಿದ್ದೇವೆ, ಜಾಲಕ್ಕೆ ಕೊಟ್ಟದ್ದನ್ನೂ ಅಲ್ಲಿಂದ ಪಡೆದದ್ದನ್ನೂ ಅಳೆಯುವ ನೆಟ್ ಮೀಟರ್ ಇದೆ. ಅಕ್ಕಿಯ ಚೀಲದ ಮೇಲೆ "ಸೌರಶಕ್ತಿಯಿಂದ ತಯಾರಾದದ್ದು" ಎಂದು ಮುದ್ರಿಸುತ್ತಿದ್ದೇವೆ. ಫಲಕಕ್ಕೆ ದುಡ್ಡು ಹಾಕಿದ್ದು ನಾನು. ನನಗೂ ಚೀಟಿ ಬೇಕೇ?

ಮುನಿರಾಬಾದ್ ನಿವೃತ್ತ ಎಂಜಿನಿಯರ್

ಧಣಿಗಳೇ, ನೀವು ಜೆಸ್ಕಾಂ ಜೊತೆ ಮಾಡಿಕೊಂಡ ಒಪ್ಪಂದ ತೆಗೆದು ಓದಿ. ನವೀಕರಿಸಬಹುದಾದ ವಿದ್ಯುತ್ತಿನ ಬಾಧ್ಯತೆ ಇಲ್ಲದ ಗ್ರಾಹಕರ ಛಾವಣಿಯಲ್ಲಿ ಹುಟ್ಟಿದ್ದನ್ನು ವಿತರಣಾ ಕಂಪನಿ ತನ್ನ ಬಾಧ್ಯತೆಗೆ ಎಣಿಸಿಕೊಳ್ಳುವ ಷರತ್ತು ನೆಟ್ ಮೀಟರಿಂಗ್ ಪದ್ಧತಿಯಲ್ಲಿ ಸಾಮಾನ್ಯ. ಹಾಗೆ ಇದ್ದರೆ "ನಮ್ಮ ಛಾವಣಿಯಲ್ಲಿ ಸೌರ ಘಟಕ ಇದೆ" ಎನ್ನುವುದು ಪೂರ್ತಿ ಸತ್ಯ. ಇಡೀ ಅಕ್ಕಿ ಸೌರಶಕ್ತಿಯಿಂದ ಆಯಿತು ಎನ್ನುವುದು ಹೆಚ್ಚಾಯಿತು. ರಾತ್ರಿ ಪಾಳಿಯೂ ಇದೆಯಲ್ಲ ನಿಮಗೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಪೊಳ್ಳು ಹಸಿರು ಜಾಹೀರಾತು ತಡೆಯಲು ಮಾರ್ಗಸೂಚಿ ಹೊರಡಿಸಿದೆ. ಚೀಲದ ಮೇಲೆ ಹೇಳಿದ್ದಕ್ಕೆ ಆಧಾರ ತೋರಿಸಬೇಕಾಗುತ್ತದೆ.

ತೋರಣಗಲ್ಲು ಪಾಳಿ

ಉಕ್ಕಿನ ಕಾರ್ಖಾನೆಯ ಕಾರ್ಮಿಕ ನಾನು. ಯುರೋಪಿನವರು 2026ರ ಜನವರಿಯಿಂದ ಇಂಗಾಲದ ಗಡಿ ತೆರಿಗೆ ಹಾಕುತ್ತಾರೆ, ಪ್ರಮಾಣಪತ್ರ ಕೊಂಡರೆ ತೆರಿಗೆ ಇಳಿಯುತ್ತದೆ ಎಂದು ಕ್ಯಾಂಟೀನಿನಲ್ಲಿ ಮಾತು. ನಿಜವೇ?

ಮುನಿರಾಬಾದ್ ನಿವೃತ್ತ ಎಂಜಿನಿಯರ್

ಉಕ್ಕಿಗೆ ಸದ್ಯ ಅವರು ಎಣಿಸುವುದು ನೇರ ಹೊರಸೂಸುವಿಕೆಯನ್ನು, ಅಂದರೆ ಕುಲುಮೆಯಲ್ಲಿ ಕೋಕ್ ಉರಿದು ಬಂದದ್ದನ್ನು. ಕೊಂಡ ವಿದ್ಯುತ್ತಿನದ್ದು ಆ ಲೆಕ್ಕದಲ್ಲಿಲ್ಲ. ಹಾಗಾಗಿ ಅಲ್ಲಿ ಆರ್‌ಇಸಿ ನೆರವಿಗೆ ಬರುವುದಿಲ್ಲ ತಮ್ಮಾ. ಊದುಕುಲುಮೆಯ ಕಲ್ಲಿದ್ದಲನ್ನು ವಿದ್ಯುತ್ ಚೀಟಿ ಮುಟ್ಟಲಾರದು.

ಕೌಲ್‌ಬಜಾರ್ ಲೆಕ್ಕಪತ್ರ

ಸರ್, ಕೊನೆಯದಾಗಿ ಒಂದು ಸಹಾಯ. ಮಾಲೀಕರ ಮುಂದೆ ಕುಳಿತು ಮಾತಾಡಬೇಕು. ಕೊಳ್ಳುವುದೇ ಆದರೆ ಏನು ಕೇಳಿ ಕೊಳ್ಳಬೇಕು? ಕೊಳ್ಳದಿದ್ದರೆ ಒಂಬತ್ತನೆಯ ಪ್ರಶ್ನೆಗೆ ಏನು ಬರೆಯಬೇಕು?

ಮುನಿರಾಬಾದ್ ನಿವೃತ್ತ ಎಂಜಿನಿಯರ್

ಮೊದಲು ಕೊಳ್ಳದೆ ಬರೆಯುವುದನ್ನು ಹೇಳುತ್ತೇನೆ, ಅದು ಸುಲಭ. ಹೊರದೇಶದ ಕಂಪನಿಗಳು ಅನುಸರಿಸುವ ಜಿಎಚ್‌ಜಿ ಪ್ರೋಟೋಕಾಲ್ ಎಂಬ ಲೆಕ್ಕಪದ್ಧತಿ 2015ರಿಂದ ಕೊಂಡ ವಿದ್ಯುತ್ತಿಗೆ ಎರಡು ಸಂಖ್ಯೆ ಕೇಳುತ್ತದೆ. ಒಂದು, ಜಾಲದ ಸರಾಸರಿಯಂತೆ ಎಷ್ಟು ಇಂಗಾಲ. ಇನ್ನೊಂದು, ಕೊಂಡ ಪ್ರಮಾಣಪತ್ರ, ಒಪ್ಪಂದಗಳನ್ನು ಲೆಕ್ಕಕ್ಕೆ ಹಿಡಿದರೆ ಎಷ್ಟು. ನಮ್ಮ ದೇಶದ ಜಾಲದಲ್ಲಿ 1,000 ಯೂನಿಟ್‌ಗೆ ಸುಮಾರು 0.7 ಟನ್ ಇಂಗಾಲದ ಡೈಆಕ್ಸೈಡ್. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ನಿಖರ ಅಂಕಿ ಪ್ರಕಟಿಸುತ್ತದೆ. ನಿಮ್ಮ 216 ಮೆಗಾವ್ಯಾಟ್-ಗಂಟೆಗೆ ಸುಮಾರು 150 ಟನ್ ಆಯಿತು. ಚೀಟಿ ಕೊಂಡರೂ ಕೊಳ್ಳದಿದ್ದರೂ ಈ ಮೊದಲ ಸಂಖ್ಯೆ ಇಳಿಯುವುದಿಲ್ಲ. ಅದನ್ನು ಮುಚ್ಚಿಡದೆ ಬರೆಯಿರಿ.

ಕೊಳ್ಳುವುದಾದರೆ ಒಂದು ಸೂಕ್ಷ್ಮ ಗಮನಿಸಿ. ವಿನಿಮಯ ಕೇಂದ್ರದಲ್ಲಿ ಆರ್‌ಇಸಿ ಕೊಂಡರೆ ಇಂಥದೇ ಯಂತ್ರದ್ದು ಬೇಕೆಂದು ಆರಿಸಲಾಗದು. ಸ್ಥಾವರದ ಹೆಸರು ನೋಡಿ ಕೊಳ್ಳಬೇಕಾದರೆ ಪರವಾನಗಿ ಪಡೆದ ವ್ಯಾಪಾರಿಯ ಮೂಲಕ ಅಥವಾ ಐ-ಆರ್‌ಇಸಿಯ ದಾರಿಯಲ್ಲಿ ಹೋಗಬೇಕು. ಅಲ್ಲಿ ಸ್ಥಾವರ ಎಲ್ಲಿದೆ, ಯಾವ ವರ್ಷ ಶುರುವಾಯಿತು, ಯಾವ ತಿಂಗಳಿನ ಉತ್ಪಾದನೆ ಎಂದು ಕೇಳಿ. ಅದೇ ವಿದ್ಯುತ್ತನ್ನು ಯಾವುದಾದರೂ ಎಸ್ಕಾಂ ತನ್ನ ಬಾಧ್ಯತೆಗೆ ಎಣಿಸಿಕೊಂಡಿಲ್ಲ ಎಂದು ಬರಹದಲ್ಲಿ ಪಡೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊಂಡ ಮೇಲೆ ಚೀಟಿ ನಿಮ್ಮ ಘಟಕದ ಹೆಸರಿನಲ್ಲಿ ರದ್ದಾಗಬೇಕು, ರದ್ದಾದ ದಾಖಲೆ ನಿಮ್ಮ ಕೈಗೆ ಬರಬೇಕು. ಉಗ್ರಾಣದ ರಸೀದಿ ಕೊಟ್ಟು ಭತ್ತ ಬಿಡಿಸಿಕೊಂಡ ಮೇಲೆ ಆ ರಸೀದಿಯನ್ನು ಹರಿಯುವಂತೆ. ಹರಿಯದೆ ಉಳಿದ ರಸೀದಿ ನಾಳೆ ಇನ್ನೊಬ್ಬರ ಅಂಗಡಿಗೆ ಹೋಗುತ್ತದೆ.

ಜೆಸ್ಕಾಂಗೆ ಯೂನಿಟ್‌ಗೆ ಇಂತಿಷ್ಟು ಹೆಚ್ಚು ಕೊಟ್ಟು ಹಸಿರು ವಿದ್ಯುತ್ ಪಡೆಯುವ "ಗ್ರೀನ್ ಟ್ಯಾರಿಫ್" ಕೂಡ ಇದೆ, ಎಚ್‌ಟಿ, ಅಂದರೆ ಹೆಚ್ಚಿನ ವೋಲ್ಟೇಜಿನ ಸಂಪರ್ಕವಿರುವ ಗ್ರಾಹಕರಿಗೆ. ನಿಮ್ಮದು ಕಡಿಮೆ ವೋಲ್ಟೇಜಿನ ಎಲ್‌ಟಿಯೋ ಎಚ್‌ಟಿಯೋ ನೋಡಿಕೊಳ್ಳಿ.

ಕೌಲ್‌ಬಜಾರ್ ಲೆಕ್ಕಪತ್ರ

ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಮ್ಮದು ಎಲ್‌ಟಿ ಸಂಪರ್ಕ, ಆದ್ದರಿಂದ ಆ ದಾರಿ ಇಲ್ಲ. ಮಧ್ಯವರ್ತಿಗೆ ಫೋನ್ ಮಾಡಿ ಸ್ಥಾವರದ ಹೆಸರು, ತಿಂಗಳು, ರದ್ದತಿ ದಾಖಲೆ ಈ ಮೂರನ್ನು ಕೇಳಿದೆ. ಮತ್ತೆ ಕರೆ ಬರಲಿಲ್ಲ.

ಕಳೆದ ವರ್ಷದ ಲೆಕ್ಕಕ್ಕೆ ಹೀಗೆ ಬರೆದು ಸಹಿ ಹಾಕಿದೆ: "ಬಳಕೆ 2,16,000 ಯೂನಿಟ್, ಪೂರ್ತಿ ಸಾರ್ವಜನಿಕ ಜಾಲದಿಂದ. ಅಂದಾಜು 150 ಟನ್. ಪ್ರತ್ಯೇಕವಾಗಿ ಕೊಂಡ ನವೀಕರಿಸಬಹುದಾದ ವಿದ್ಯುತ್: ಸೊನ್ನೆ." ಕಳುಹಿಸುವಾಗ ಕೈ ನಡುಗಿತು. ಆರ್ಡರ್ ಹೋದರೆ ಎಂಬತ್ತು ಜನರ ಕೆಲಸದ ಪ್ರಶ್ನೆ. ನಾಲ್ಕು ದಿನಗಳ ನಂತರ ರಫ್ತುದಾರರಿಂದ ಬಂದ ಉತ್ತರದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಮುಂದಿನ ವರ್ಷದ ಯೋಜನೆ ಏನು?

ಮಾಲೀಕರು ಒಪ್ಪಿದ್ದಾರೆ. ಬರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗಾಳಿ ಬೀಸುವ ನಾಲ್ಕು ತಿಂಗಳು ನಾವು ಬಳಸುವ 72,000 ಯೂನಿಟ್‌ಗೆ 72 ಪ್ರಮಾಣಪತ್ರ. ಅದೇ ತಿಂಗಳುಗಳದ್ದು, ಕರ್ನಾಟಕದ ಹೊಸ ಗಾಳಿಯಂತ್ರಗಳದ್ದು. ಉಳಿದ 1,44,000 ಯೂನಿಟ್ ಜಾಲದ ಮಿಶ್ರ ವಿದ್ಯುತ್ ಎಂದೇ ಬರೆಯುತ್ತೇವೆ. ಮಾನ್ವಿಯ ಅಣ್ಣ, ಈ ತಿಂಗಳ ಲೆಕ್ಕ ನಿಮ್ಮಿಂದ ಬಂದದ್ದು. 72,000 ಯೂನಿಟ್‌ನಷ್ಟು ಚೀಟಿ ಕುಷ್ಟಗಿ, ಯಲಬುರ್ಗಾ ಕಡೆಯದ್ದೇ ಸಿಕ್ಕರೆ ನನಗೆ ಇನ್ನೂ ಸಂತೋಷ.

ಶಕ್ತಿನಗರ ಕಾಲೋನಿ

ಅಕ್ಕಾ, ಆ "ಸೊನ್ನೆ" ಎಂಬ ಪದವನ್ನು ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು.

ಯಲಬುರ್ಗಾ ಎರೆಹೊಲ

ತಂಗೀ, ಸಿಕ್ಕರೆ ತಿಳಿಸಿ, ಯಾವ ನಂಬರಿನ ಫ್ಯಾನ್ ಎಂದು ಹೋಗಿ ನೋಡಿ ಬರುತ್ತೇನೆ.

ನಿನ್ನೆ ಪಂಚಾಯಿತಿ ಸಭೆಯಲ್ಲಿ ಸಾಹೇಬರು ಬರೆದದ್ದನ್ನು ಮೊಬೈಲಿನಲ್ಲಿ ಓದಿದೆ. ನಾರ್ವೆಯ ಕತೆ ಕೇಳಿ ಹಿರಿಯರೊಬ್ಬರು "ಹಾಗಾದರೆ ನಮ್ಮ ಗಾಳಿಯೂ ಹೋಯಿತೇ" ಎಂದರು. ಚೀಟಿ ಹೋದರೂ ದುಡ್ಡಿನಲ್ಲಿ ಒಂದು ಪಾಲು ಊರಿಗೆ ಬರಲಿ, ಶಾಲೆಯ ಛಾವಣಿಗೆ ಸೌರ ಫಲಕ ಹಾಕಿಸಿಕೊಡಲಿ ಎಂದು ಕಂಪನಿಗೂ ಜಿಲ್ಲಾಧಿಕಾರಿಗಳಿಗೂ ಅರ್ಜಿ ಬರೆಯುವುದೆಂದು ನಿರ್ಣಯವಾಯಿತು. ಒಡ್ಡಿನ ವಿಷಯವನ್ನೂ ಅದರಲ್ಲೇ ಸೇರಿಸಿದ್ದೇವೆ. ಕಮಾನಿನ ಬರಹದಲ್ಲಿ "ಬಳಸುವ" ಎಂಬ ಪದ ತೆಗೆದು "ಗಾಳಿಯಿಂದ ವಿದ್ಯುತ್ ಹುಟ್ಟುವ ಊರು" ಎಂದು ಮಾಡಿದ್ದೇವೆ. ಬರೆಯುವವನು ಸೋಮವಾರ ಕುಕನೂರಿನಿಂದ ಬರುತ್ತಾನೆ.